ನೇರವಾಗಿ ಕತ್ತರಿಸಿದ ಅಂಚು

ಬಾಲ್ಕನಿ ಬಾಗಿಲಿನ ಹಿಡಿ ಅವನ ಕೈಗೇ ಕಿತ್ತುಬಂತು.

ಒದ್ದೆ ಟವೆಲನ್ನು ಹೊರಗೆ ಹರವಿ ಒಳಗೆ ಬರೋಣವೆಂದು ತಿರುಗಿಸಿದ್ದಷ್ಟೆ. ಬಾಗಿಲು ಅಲ್ಲೇ ನಿಂತಿತು, ಹಿಡಿ ಅವನ ಜೊತೆ ಹೊರಟಿತು. ಪುಣ್ಯಕ್ಕೆ ಕಾಲೊರಸು ಸಂದಿಗೆ ಸಿಕ್ಕಿಕೊಂಡು ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದು ತನ್ನ ಪಾಡಿಗೆ ತಾನೇ ಮುಚ್ಚಿಕೊಳ್ಳುವ ಬಾಗಿಲು. ಒಮ್ಮೆ ಮುಚ್ಚಿಕೊಂಡರೆ ಹೊರಗಿನವನಿಗೆ ಆ ಹಿಡಿಯೇ ಗತಿ. ಇಲ್ಲವೇ ಒಳಗಿನವರು ಯಾರಾದರೂ ಎದ್ದು ಬರಬೇಕು.

"ನೋಡು, ಕಿತ್ಕೊಂಡೇ ಬಂತು," ಎಂದ, ಹಿಡಿಯನ್ನು ಎತ್ತಿ ತೋರಿಸುತ್ತ.

ಹೆಂಡತಿ ಆಸ್ಪತ್ರೆಯ ಗುರುತಿನ ಚೀಟಿ ಹುಡುಕುತ್ತಿದ್ದಳು. ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಮದುವೆಯಾದಾಗಿನಿಂದ ಅವಳ ಕೈ ಸ್ಪಿರಿಟ್ಟಿನ ವಾಸನೆ ಹೊಡೆಯುತ್ತದೆ.

"ಅಲ್ಲಾಡ್ತಿದೆ ಅಲ್ಲಾಡ್ತಿದೆ ಅಂತ ಬಡ್ಕೊಂಡೆ."

"ಬಡಗಿ ಬರ್ತೀನಿ ಅಂದಿದ್ನಲ್ಲ."

"ಅವನು ಅಂತಾನೆ. ನೀವು ನಂಬ್ತೀರಿ. ಇಬ್ರೂ ಸರಿಯಾಗಿದೀರ." ಚೀಟಿ ಫ್ರಿಜ್ಜಿನ ಮೇಲೆ ಸಿಕ್ಕಿತು. "ಅದನ್ನ ಜೇಬಿಗೆ ಹಾಕ್ಕೊಳ್ಳಿ. ಬರ್ತಾ ಹಾರ್ಡ್‌ವೇರ್ ಅಂಗಡೀಲಿ ತೋರ್ಸಿ, ಅದೇ ಥರದ್ದು ತನ್ನಿ."

ಅವಳು ಹೋದಳು. ಹಿಡಿಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ತಣ್ಣಗೆ ತೊಡೆಗೆ ತಾಗಿತು. ಇಷ್ಟು ಓದಿದವನು ಇಷ್ಟು ವಯಸ್ಸಿಗೆ ಜೇಬಿನಲ್ಲಿ ಬಾಗಿಲ ಹಿಡಿ ಇಟ್ಟುಕೊಂಡು ತಿರುಗಬೇಕಾಯಿತಲ್ಲ ಎಂದು ರೇಗಿತು. ರೇಗುವುದಕ್ಕೂ ಮನೆಯಲ್ಲಿ ಯಾರೂ ಇರಲಿಲ್ಲ.

ಫೋನು ಬಂತು. ಪ್ರಕಾಶಕ.

"ಸಾರ್, ಇವತ್ತು ಸಂಜೆಯೊಳಗೆ ಹೇಳ್ಬಿಡಿ. ಹಾಕಿ ಅಂತ ಒಂದು ಮಾತು ಬಿದ್ರೆ ಮಷಿನ್ ಏರಿಸ್ತೀನಿ. ಆಮೇಲೆ ನಾನಾಗ್ಲಿ ನೀವಾಗ್ಲಿ ತಡೆಯೋಕಾಗಲ್ಲ."

"ಇನ್ನೊಂದು ಸಲ ಕಣ್ಣಾಡಿಸ್ತೀನಿ."

"ಎಷ್ಟು ಸಲ ಆಡಿಸ್ತೀರಿ ಸಾರ್, ಕಣ್ಣೂ ಸವೆಯುತ್ತೆ."

ಪುಸ್ತಕದ ಹೆಸರು 'ಮುಗಿಯದಿರುವಿಕೆ'. ಒಂದು ಕಾಲದಲ್ಲಿ ರೈಲ್ವೆ ಸ್ಟೇಷನ್ನಿನಲ್ಲೂ ಬಸ್ ನಿಲ್ದಾಣದಲ್ಲೂ ಗೋಣಿಯ ಮೇಲೆ ಹರವಿ ಮಾರುತ್ತಿದ್ದ ರಾಕೆಟ್ಟಿನ ಕಥೆಗಳ ಬಗ್ಗೆ ಅವನು ಬರೆದ ವಿಮರ್ಶೆ ಅದು. ಮಂಜುಗಡ್ಡೆಯ ಕೆಳಗೆ ಮುಳುಗುಹಡಗು ನಡೆಸುವವರು, ಇರುವೆಯಷ್ಟಕ್ಕೆ ಕುಗ್ಗುವ ವಿಜ್ಞಾನಿ, ಮಂಗಳ ಗ್ರಹಕ್ಕೆ ಹೋಗಿ ಹೋಗಿ ಒಂದು ಕಣ್ಣು ಕಳೆದುಕೊಂಡ ಕ್ಯಾಪ್ಟನ್. ಮುಟ್ಟಿದರೆ ಮಸಿ ಕೈಗೆ ಹತ್ತುವ ಕಾಗದ. ಅದನ್ನು ಸಾಹಿತ್ಯವೆಂದು ಯಾರೂ ಕರೆದಿರಲಿಲ್ಲ. ಅವನು ಕರೆದ. ಅದಕ್ಕಾಗಿ ತಲೆಯ ಕೂದಲು ಕೊಟ್ಟ.

ಅವನು ಕಂಡುಹಿಡಿದದ್ದು ಒಂದೇ ಸಂಗತಿ. ಆ ಕಥೆಗಳು ಮುಗಿಯುವುದಿಲ್ಲ. ಎಲ್ಲವೂ ತುತ್ತತುದಿಗೆ ಹೋಗಿ ನಿಂತುಬಿಡುತ್ತವೆ. ಒಂಟಿಗಣ್ಣಿನ ಕ್ಯಾಪ್ಟನ್ ರಾಕೆಟ್ಟಿನ ಹೊರಗೆ ತೇಲುತ್ತಿದ್ದಾನೆ. ಬೆನ್ನಿನ ಡಬ್ಬದಲ್ಲಿ ಗಾಳಿ ತೀರುತ್ತಿದೆ. ಒಂದು ಕೈ ಬಾಗಿಲ ಮೇಲೆ. ತೆಗೆಯಬೇಕಾದವರು ಒಳಗಿದ್ದಾರೆ. 'ಆಗ ಬಾಗಿಲು' ಎಂಬಲ್ಲಿಗೆ ಪುಟ ಮುಗಿಯುತ್ತದೆ, ಪುಸ್ತಕವೂ ಮುಗಿಯುತ್ತದೆ. ಮುಂದೆ ಬಂದ ದೊಡ್ಡ ದೊಡ್ಡ ಲೇಖಕರು ಕಥೆಯನ್ನು ನಡುನೀರಿನಲ್ಲಿ ಬಿಟ್ಟು ಹೆಸರು ಮಾಡಿದರಲ್ಲ, ಅದಕ್ಕೆ ಎಷ್ಟೋ ಮೊದಲೇ ಈ ಅಗ್ಗದ ಬರಹಗಾರರು ಮನುಷ್ಯನನ್ನು ಹಾಗೆ ನೇತುಹಾಕಿದ್ದರು. ಇದನ್ನು ಮೊದಲ ಬಾರಿ ಒಂದು ವಿಚಾರ ಸಂಕಿರಣದಲ್ಲಿ ಹೇಳಿದಾಗ ಸಭೆ ಗಪ್‌ಚಿಪ್ಪಾಗಿತ್ತು. ಆ ಮೌನವನ್ನೇ ಉಂಡು ಅವನು ಇಲ್ಲಿಯವರೆಗೆ ಬದುಕಿದ್ದ.

ಅಡ್ಡ ಬಂದ ಪುರಾವೆಗಳೂ ಇದ್ದವು. ಮುಖಪುಟದ ಒಳಗೆ ಅಚ್ಚಾದ ಪುಟಸಂಖ್ಯೆಗೂ ಒಳಗಿದ್ದ ಪುಟಗಳಿಗೂ ತಾಳೆಯಾಗುತ್ತಿರಲಿಲ್ಲ. 'ಅಗ್ಗದ ಪ್ರಕಾಶನದಲ್ಲಿ ಸಹಜವಾದ ಉತ್ಪ್ರೇಕ್ಷೆ' ಎಂದು ಅಡಿಟಿಪ್ಪಣಿ ಹಾಕಿದ. ಕೊನೆಯ ಪುಟದ ಪಕ್ಕದಲ್ಲಿ ಬ್ಲೇಡಿನಿಂದ ಎಳೆದಂಥ ಸಪೂರ ಅಂಚು ಕಾಣುತ್ತಿತ್ತು. 'ಅಂಚು ಇಷ್ಟು ನೇರವಾಗಿರುವುದು ಇದು ಆಕಸ್ಮಿಕವಲ್ಲ, ಉದ್ದೇಶಪೂರ್ವಕ ಎಂಬುದನ್ನು ಸೂಚಿಸುತ್ತದೆ' ಎಂದು ಇನ್ನೊಂದು ಅಡಿಟಿಪ್ಪಣಿ. ಆ ವಾಕ್ಯದ ಮೇಲೆ ಅವನಿಗೆ ವಿಶೇಷ ಪ್ರೀತಿ.

ಅಪ್ಪ ಅಂಥ ಪುಸ್ತಕಗಳನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ. ಅವನು ಅವನ್ನು ಮೊದಲು ಓದಿದ್ದೇ ಮೀಸೆ ನರೆತ ಮೇಲೆ. ಪೆನ್ಸಿಲ್ ಇಲ್ಲದೆ ಓದಿದ್ದೇ ಇಲ್ಲ.

ಕಾಲೇಜಿನ ಮೆಟ್ಟಿಲ ಮೇಲೆ ಛಂದಸ್ಸಿನ ಮೇಷ್ಟ್ರು ಅಡ್ಡ ಸಿಕ್ಕರು.

"ಏನ್ ರಾಕೆಟ್ ಸಾಹೇಬ್ರು? ಇವತ್ತು ಭೂಮಿ ಮೇಲಿದೀರ?"

"ಕ್ಲಾಸಿದೆ."

"ಇರ್ಲಿ ಬಿಡಿ, ಅದೂ ಶೂನ್ಯದಲ್ಲೇ ತೇಲೋದಲ್ವಾ. ಪುಸ್ತಕ ಯಾವಾಗ ಹಾರುತ್ತೆ?"

"ಇವತ್ತೋ ನಾಳೆಯೋ."

"ಬಿಡುಗಡೆಗೆ ಕರೀರಿ. ಹತ್ತು, ಒಂಬತ್ತು, ಎಂಟು ಅಂತ ಎಣಿಸೋಕೆ ನಾನಿದೀನಿ."

ತಮ್ಮ ಮಾತಿಗೆ ತಾವೇ ನಕ್ಕು ಅವರು ಇಳಿದುಹೋದರು. ಇಷ್ಟು ವರ್ಷವಾದರೂ ಆ ಮನುಷ್ಯನಿಗೆ ಬೇರೊಂದು ತಮಾಷೆ ಹೊಳೆದಿರಲಿಲ್ಲ. ತನಗೂ ಬೇರೊಂದು ಉತ್ತರ ಹೊಳೆದಿರಲಿಲ್ಲ ಎಂಬುದು ಇನ್ನೂ ಕಿರಿಕಿರಿ.

ಅವನ ಕೋಣೆಯಲ್ಲಿ ಜೋಳಿಗೆ ಕಾಯುತ್ತಿದ್ದಳು. ಅವನ ಹಳೆಯ ವಿದ್ಯಾರ್ಥಿನಿ, ಈಗ ಅವನ ಕೈಕೆಳಗೇ ಸಂಶೋಧನೆ ಮಾಡುವವಳು. ತನಗಿಂತ ದೊಡ್ಡ ಚೀಲ ಹೊತ್ತು ತಿರುಗುವುದರಿಂದ ವಿಭಾಗದಲ್ಲಿ ಎಲ್ಲರ ಬಾಯಲ್ಲೂ ಅವಳು ಜೋಳಿಗೆಯೇ. ಇವತ್ತು ಚೀಲದಿಂದ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬವೊಂದನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ಮೇಜಿನ ಮೇಲಿಟ್ಟಳು.

"ಸಾರ್, ಕೂತ್ಕೊಳ್ಳಿ. ನಿಂತ್ಕೊಂಡು ನೋಡೋದಲ್ಲ ಇದು."

"ಏನಮ್ಮಾ ಇದು? ಕ್ಲಾಸಿಗೆ ಹೊತ್ತಾಯ್ತು."

"ಕೊನೆಗಳು ಸಾರ್!"

ಅವನಿಗೆ ಅರ್ಥವಾಗಲಿಲ್ಲ. ಅವಳು ಉಸಿರು ತೆಗೆದುಕೊಳ್ಳದೆ ಹೇಳಿದಳು. ಹಳೇ ಪೇಟೆಯಲ್ಲಿ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದವರೊಬ್ಬರ ಮನೆ ಕೆಡವುತ್ತಿದ್ದಾರೆ. ಅವರ ಸೊಸೆ ಅಟ್ಟ ಖಾಲಿ ಮಾಡುವಾಗ ಈ ಡಬ್ಬ ಸಿಕ್ಕಿತು. ಆ ಕಾಲದಲ್ಲಿ ಜನ ಪುಸ್ತಕ ಒಯ್ದರೆ ವಾಪಸ್ಸು ತರುತ್ತಿರಲಿಲ್ಲವಂತೆ. ನೆಂಟರಿಗೆ ಕೊಡುವುದು, ಆ ನೆಂಟರು ಅವರ ನೆಂಟರಿಗೆ ಕೊಡುವುದು. ಬೇಸತ್ತ ಅಂಗಡಿಯವರು ಒಂದು ಉಪಾಯ ಹೂಡಿದರು. ಹೊಸ ಪುಸ್ತಕ ಬಂದ ಕೂಡಲೇ ಕೊನೆಯ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ, ದಾರ ಹಾಕಿ ಹೊಲಿದು, ಗಲ್ಲಾದ ಕೆಳಗೆ ಇಟ್ಟುಕೊಳ್ಳುವುದು. ಕೊನೆ ಬೇಕೆಂದರೆ ಪುಸ್ತಕ ತಂದು ಒಪ್ಪಿಸಬೇಕು, ಅಲ್ಲೇ ನಿಂತು ಓದಬೇಕು, ಕೈಯಲ್ಲೇ ವಾಪಸ್ಸು ಕೊಟ್ಟು ಹೋಗಬೇಕು.

"ಇವ್ರನ್ನ ನೋಡಿ ಎಲ್ಲ ಅಂಗಡಿಯವ್ರೂ ಹಾಗೇ ಮಾಡಿದ್ರಂತೆ ಸಾರ್. ಅದಕ್ಕೇ ನಮಗೆ ಸಿಕ್ಕಿರೋವೆಲ್ಲ ಮೊಂಡು. ಎಲ್ಲ ಬಾಡಿಗೆ ಅಂಗಡೀಗಳಿಂದ ಬಂದಿದ್ದೇ ಅಲ್ವಾ!"

ಅವನು ಕುಳಿತ.

ಜೇಬಿನ ಹಿಡಿ ತೊಡೆಗೆ ಒತ್ತಿತು. ಎದ್ದು ಅದನ್ನು ಸರಿಮಾಡಿಕೊಂಡು ಮತ್ತೆ ಕುಳಿತ.

"ಓದಿದೆಯಾ?"

"ಕೆಲವು ಓದ್ದೆ. ಎಲ್ಲ ಒಂದೇ ಥರ ಸಾರ್, ನಗು ಬರುತ್ತೆ. ಗಂಡಾಂತರದಿಂದ ಪಾರಾಗ್ತಾರೆ, ಮನೆಗೆ ಬರ್ತಾರೆ, ಬಿಸಿನೀರಲ್ಲಿ ಸ್ನಾನ ಮಾಡ್ತಾರೆ. ಅಮ್ಮ ಬಡಿಸ್ತಾಳೆ. ಆ ಇರುವೆ ವಿಜ್ಞಾನಿ ಇದಾನಲ್ಲ, ಅವನಿಗೆ ಮದುವೇನೇ ಆಗ್ಬಿಡುತ್ತೆ! ಕೆಳಗೆ ದೊಡ್ಡದಾಗಿ ಶುಭಂ."

"ಕ್ಯಾಪ್ಟನ್‌ದು?"

"ಅದನ್ನ ಮಾತ್ರ ಬಿಚ್ಚಿಲ್ಲ." ಅವಳ ಮುಖ ಮೊದಲ ಬಾರಿಗೆ ನಾಚಿಕೊಂಡಿತು. "ನಿಮ್ಮ ಪಾಠ ಕೇಳೇ ಅಲ್ವಾ ಸಾರ್ ನಾನು ಈ ಕಡೆ ಬಂದಿದ್ದು. ನೀವೇ ಮೊದ್ಲು ಓದ್ಬೇಕು ಅಂತ."

ಅವಳ ಮುಖವನ್ನು ದಿಟ್ಟಿಸಿ ನೋಡಿದ. ವ್ಯಂಗ್ಯವನ್ನು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇವಳಿಗೆ ತಾನು ತಂದದ್ದೇನೆಂದು ಗೊತ್ತೇ ಇಲ್ಲ. ಅಥವಾ, ತನ್ನ ಗುರುವಿಗೆ ಸ್ವಂತ ಸಿದ್ಧಾಂತಕ್ಕಿಂತ ಕ್ಯಾಪ್ಟನ್ನೇ ಹೆಚ್ಚು ಎಂದುಕೊಂಡಿದ್ದಾಳೆ.

"ಬೇರೆ ಯಾರಿಗೆ ತೋರಿಸಿದೆ?"

"ಯಾರ್ಗೂ ಇಲ್ಲ."

"ಜೆರಾಕ್ಸ್?"

"ಎಲ್ಲಿ ಸಾರ್, ಹಪ್ಪಳ ಆಗಿದೆ. ಮಷಿನ್ನಿಗೆ ಒತ್ತಿದ್ರೆ ಪುಡಿ." ಚೀಲ ಹೆಗಲಿಗೇರಿಸಿದಳು. "ನಿಮ್ಮ ಹತ್ರಾನೇ ಇರ್ಲಿ. ನಾನು ಅಕ್ಕನ ಬಾಣಂತನಕ್ಕೆ ಹೋಗ್ತಿದೀನಿ, ಬರೋದು ತಡ ಆಗುತ್ತೆ. ಬಂದ್ಮೇಲೆ ಹೇಳಿ, ಬಾಗಿಲು ತೆರೀತಾ ಇಲ್ವಾ ಅಂತ."

ಅವಳು ಹೋದ ಮೇಲೆ ಡಬ್ಬದ ಮುಚ್ಚಳ ತೆಗೆದ. ಹಳೆಯ ಕಾಗದದ ಹುಳಿ ವಾಸನೆ. ದಾರ ಹಾಕಿದ ಸಣ್ಣ ಸಣ್ಣ ಕಟ್ಟುಗಳು. ಅಂಚು ನೇರವಾಗಿತ್ತು. ಎಷ್ಟು ನೇರವಾಗಿತ್ತೆಂದರೆ, ಅವನ ಕಪಾಟಿನಲ್ಲಿದ್ದ ಪುಸ್ತಕಗಳ ಪಕ್ಕದಲ್ಲಿ ಹಿಡಿದರೆ ಗಾಯಕ್ಕೆ ಗಾಯ ಕೂಡಿಕೊಳ್ಳುತ್ತಿತ್ತು. ಹಿಡಿದು ನೋಡಲಿಲ್ಲ. ಕ್ಯಾಪ್ಟನ್ನಿನ ಕಟ್ಟು ಎಲ್ಲಕ್ಕಿಂತ ತೆಳ್ಳಗಿತ್ತು. ಮೇಲಿನ ಹಾಳೆ ಬರಿದಾಗಿತ್ತು, ಅಂಗಡಿಯವರು ಹಾಕಿದ ರಕ್ಷಾಕವಚ. ಅದನ್ನು ಮಗುಚಬೇಕು, ಅಷ್ಟೆ.

ಮುಚ್ಚಳ ಮುಚ್ಚಿದ.

ಕ್ಲಾಸಿನಲ್ಲಿ ಅವನು ಮುಗಿಯದಿರುವಿಕೆಯ ಬಗ್ಗೆಯೇ ಮಾತಾಡಿದ. ಮಾತು ತಾನಾಗಿ ಬರುತ್ತಿತ್ತು, ನಲ್ಲಿ ತಿರುಗಿಸಿದ ಹಾಗೆ. "ಅಂತ್ಯವೆಂಬುದು ಓದುಗನಿಗೆ ಕೊಡುವ ಲಂಚ," ಎಂದ. ಹಿಂದಿನ ಬೆಂಚಿನವನೊಬ್ಬ ಆಕಳಿಸಿದ. ಮುಂದಿನ ಬೆಂಚಿನವಳು ಅದನ್ನು ಚಾಚೂ ತಪ್ಪದೆ ಬರೆದುಕೊಂಡಳು. ಇಬ್ಬರ ಮೇಲೂ ಅವನಿಗೆ ಸಮನಾದ ಸಿಟ್ಟು ಬಂತು.

ಮೊಗಸಾಲೆಯಲ್ಲಿ ಪ್ರಕಾಶಕನ ಫೋನು ಮತ್ತೆ ಬಂತು. ಎರಡು ಸಲ ಕಟ್ ಮಾಡಿದ. ಮೂರನೆಯ ಸಲ ಎತ್ತಿದ.

"ಸಾರ್, ಮುಖಪುಟ ನೋಡಿದ್ರಾ? ರಾಕೆಟ್ಟು, ಪಕ್ಕದಲ್ಲೊಬ್ಳು ಹುಡುಗಿ."

"ಹುಡುಗಿ ಯಾಕೆ? ಆ ಕಥೆಗಳಲ್ಲಿ ಹುಡುಗಿಯರೇ ಇಲ್ಲ."

"ಕಥೇಲಿಲ್ದಿದ್ರೆ ಮುಖಪುಟದಲ್ಲಾದ್ರೂ ಇರ್ಲಿ ಬಿಡಿ ಸಾರ್."

"ನೋಡಿ, ಒಂದು ವಾರ ತಡೀತೀರಾ?"

"ಹುಡುಗಿಗೋಸ್ಕರಾನಾ?"

"ಅಲ್ಲ."

"ಏನಾದ್ರೂ ಸೇರಿಸೋದಿತ್ತಾ?"

ಡಬ್ಬ ಕಂಕುಳಲ್ಲಿತ್ತು. ಛಂದಸ್ಸಿನ ಮೇಷ್ಟ್ರು ಎದುರಿನಿಂದ ಬರುತ್ತಿದ್ದರು, ಆಗಲೇ ಬಾಯಿ ಅರೆ ತೆರೆದುಕೊಂಡು. ಅವರ ಕಣ್ಣು ಬಿಸ್ಕತ್ತಿನ ಡಬ್ಬದ ಮೇಲಿತ್ತು.

"ಸೇರಿಸೋದು ಏನಿಲ್ಲ," ಎಂದ.

"ತೆಗೆಯೋದು?"

"ಇಲ್ಲ."

"ಮತ್ತೆ? ಹಾಕ್ಲಾ?"

"ಹಾಕಿ."

ಎಷ್ಟೋ ವರ್ಷದ ಕೆಲಸಕ್ಕೆ ಅಷ್ಟೇ ಸಾಕಾಯಿತು. ಆಚೆ ಕಡೆ ಪ್ರಕಾಶಕ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ದೂರದಲ್ಲಿ ಏನೋ ಗಡಗಡ. ಮಷಿನ್ನೋ, ಬೀದಿಯಲ್ಲಿ ಹೋದ ಲಾರಿಯೋ.

"ಬಿಸ್ಕತ್ತಾ?" ಎಂದರು ಛಂದಸ್ಸಿನ ಮೇಷ್ಟ್ರು. "ನಮಗಿಲ್ವಾ?"

ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನಿಂತವರ ಮೊಣಕೈ ತಿನ್ನುತ್ತ ಬಂದ. ಹಾರ್ಡ್‌ವೇರ್ ಅಂಗಡಿ ದಾಟಿಹೋದ ಮೇಲೆ ಹಿಡಿಯ ನೆನಪಾಯಿತು. ಇಳಿಯಲಿಲ್ಲ. ನಡುದಾರಿಯ ಸೇತುವೆಯ ಮೇಲೆ ಬಸ್ಸು ನಿಂತಾಗ ಕಿಟಕಿಯಿಂದ ಕೆಳಗೆ ಕಪ್ಪು ನೀರು ಕಂಡಿತು. ಕೈ ಚಾಚಿದರೆ ಸಾಕಿತ್ತು. ಕಿಟಕಿಯ ಸರಳುಗಳ ನಡುವೆ ಡಬ್ಬ ತೂರುವುದಿಲ್ಲ ಎಂದು ಲೆಕ್ಕ ಹಾಕಿದ. ಲೆಕ್ಕ ಹಾಕಿದ್ದಕ್ಕೆ ಅಸಹ್ಯಪಟ್ಟುಕೊಂಡ. ಬಸ್ಸು ಹೊರಟಿತು.

ಮನೆಯಲ್ಲಿ ಹೆಂಡತಿ ಆಗಲೇ ಬಂದು ಒಗೆಯುವ ಮಷಿನ್ನಿಗೆ ಬಟ್ಟೆ ತುಂಬುತ್ತಿದ್ದಳು. ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ಮಷಿನ್ನು ಹಾಲಿನಲ್ಲೇ, ಬಾಲ್ಕನಿಯ ಗಾಜಿನ ಬಾಗಿಲ ಪಕ್ಕದಲ್ಲೇ ಇತ್ತು.

"ಹಿಡಿ ತಂದ್ರಾ?"

"ಅಂಗಡಿ ಮುಚ್ಚಿತ್ತು."

"ಮುಚ್ಚಿತ್ತೋ, ಮರೆತ್ರೋ?"

ಡಬ್ಬವನ್ನು ಕಪಾಟಿನ ಮೇಲಿಟ್ಟ. ಕ್ಯಾಪ್ಟನ್ನಿನ ಕಟ್ಟನ್ನು ಮಾತ್ರ ಅಂಗಿಯ ಒಳಗೆ, ಎದೆಗೆ ತಾಗಿಸಿ ಇಟ್ಟುಕೊಂಡಿದ್ದ. ಯಾಕೆಂದು ಅವನಿಗೇ ತಿಳಿಯದು. ಕುರ್ಚಿಯಲ್ಲಿ ಕುಳಿತ. ಆಮೇಲೆ, ಮದುವೆಯಾದಾಗಿನಿಂದ ಕೇಳಿರದ ಪ್ರಶ್ನೆಯೊಂದನ್ನು ಕೇಳಿದ.

"ನೀನು ಚಿಕ್ಕವಳಿದ್ದಾಗ ಬಾಡಿಗೆ ಪುಸ್ತಕ ಓದ್ತಿದ್ದೆಯಾ?"

"ಓದದೇ ಏನು. ನಾನು, ಅಣ್ಣ, ಇಬ್ರೂ. ಅಮ್ಮನ ಕೈಲಿ ಏಟೂ ತಿಂದಿದೀವಿ." ಮಷಿನ್ನಿನ ಗುಂಡಿ ತಿರುಗಿಸಿದಳು. "ಕೊನೆ ಮಾತ್ರ ಅಂಗಡೀಲೇ ನಿಂತ್ಕೊಂಡು ಓದ್ಬೇಕಿತ್ತು. ಕತ್ತರಿಸಿ ಇಟ್ಕೊಂಡಿರ್ತಿದ್ನಲ್ಲ, ಕಳ್ಳ."

ಅವನು ಕುರ್ಚಿಯ ತುದಿಗೆ ಸರಿದ.

"ನನಗೆ ಯಾಕೆ ಹೇಳಲಿಲ್ಲ?"

"ಏನು?"

"ಕತ್ತರಿಸ್ತಿದ್ರು ಅನ್ನೋದನ್ನ."

ಅವಳು ತಿರುಗಿ ನೋಡಿದಳು. ನಿಜವಾದ ಆಶ್ಚರ್ಯ. "ಅದನ್ನೇನು ಹೇಳೋದು ರೀ? ಎಲ್ರಿಗೂ ಗೊತ್ತಿರೋದೇ. ನೀವು ಅದ್ರಲ್ಲೇ ಮುಳುಗಿರೋರು, ನಿಮಗೆ ಗೊತ್ತಿರಲ್ವಾ? ಮತ್ತೆ ನೀವು ಯಾವತ್ತು ಕೇಳಿದ್ರಿ? ನಾನು ಒಂದ್ಸಲ ಹಾಳೆ ಮುಟ್ಟಿದ್ದಕ್ಕೆ ಪೇಪರೆಲ್ಲ ಕಲಸಿಹೋಯ್ತು ಅಂತ ಹಾರಾಡಿದ್ರಿ."

ಹಾರಾಡಿದ್ದು ನೆನಪಿತ್ತು. ಯಾವ ಹಾಳೆ ಎಂಬುದು ನೆನಪಿರಲಿಲ್ಲ.

ಮಷಿನ್ನಿಗೆ ನೀರು ಇಳಿಯತೊಡಗಿತು. ಅವಳು ಅದರ ಮೇಲೆ ಮೊಣಕೈಯೂರಿ ನಿಂತಳು. ದನಿ ಬದಲಾಗಿತ್ತು.

"ಒಂದು ಕಥೇದು ಮಾತ್ರ ನಾನು ಕೊನೆ ಓದಿಲ್ಲ. ಒಂಟಿಗಣ್ಣಿನ ಕ್ಯಾಪ್ಟನ್ ಅಂತ. ಅಪ್ಪನಿಗೆ ವರ್ಗ ಆಗಿತ್ತು, ಸಾಮಾನೆಲ್ಲ ಲಾರಿಗೆ ಹಾಕಿದ್ರು. ನಾನು ಪುಸ್ತಕ ಕೊಟ್ಟು ಬರ್ತೀನಿ ಅಂತ ಓಡಿದೆ. ನೋಡಿದ್ರೆ ನನಗಿಂತ ಮುಂಚೆ ಒಬ್ಬ ನಿಂತ್ಕೊಂಡು ಅದನ್ನೇ ಓದ್ತಿದಾನೆ. ತುಟಿ ಅಲ್ಲಾಡಿಸ್ಕೊಂಡು, ನಿಧಾನಕ್ಕೆ. ಕಾದೆ, ಕಾದೆ. ಅಷ್ಟರಲ್ಲಿ ಅಣ್ಣ ಬಂದು ಜಡೆ ಹಿಡಿದು ಎಳ್ಕೊಂಡು ಹೋದ." ನಕ್ಕಳು. "ಈಗ್ಲೂ ಲ್ಯಾಬಲ್ಲಿ ಒಬ್ಳೇ ಇದ್ದಾಗ ಅನ್ಸುತ್ತೆ, ಆ ಬಾಗಿಲು ತೆಗೆದ್ರೋ ಇಲ್ವೋ ಅಂತ. ನೀವು ಬರ್ದಿದೀರಲ್ಲ ಅದರ ಮೇಲೆ. ಹೇಳಿ, ಏನಾಯ್ತು ಅವನಿಗೆ?"

ಕಟ್ಟು ಎದೆಗೆ ಒತ್ತಿಕೊಂಡಿತ್ತು. ಕೈ ಒಳಗೆ ಹಾಕಿ ತೆಗೆದು ಕೊಟ್ಟರೆ ಮುಗಿಯಿತು. ಅವಳು ಇಲ್ಲೇ, ಈ ಮಷಿನ್ನಿಗೆ ಒರಗಿ ನಿಂತೇ ಓದುವಳು. ಆಮೇಲೆ ತಲೆಯೆತ್ತಿ ತನ್ನನ್ನು ನೋಡುವಳು. ಆ ನೋಟವನ್ನು ಊಹಿಸಿಕೊಂಡ. ಊರಿನ ಇನ್ನೊಂದು ತುದಿಯಲ್ಲಿ ಅಚ್ಚಿನ ಮಷಿನ್ನು ಹಾಳೆ ಉಗುಳುತ್ತಿರಬೇಕು.

"ಅದಕ್ಕೆ ಕೊನೆ ಇಲ್ಲ," ಎಂದ.

"ಅಂದ್ರೆ?"

"ಬರೆದವನು ಬರೆದೇ ಇಲ್ಲ. ಹಾಗೇ ಬಿಟ್ಟಿದಾನೆ."

ಬೆರಳಿನಿಂದ ಮಷಿನ್ನಿನ ಮೇಲಿನ ನೀರ ಹನಿ ಒರೆಸಿದಳು.

"ಮತ್ತೆ ಆ ಮನುಷ್ಯ ಏನು ಓದ್ತಿದ್ದ?"

"ಬೇರೆ ಯಾವುದೋ ಇರ್ಬೇಕು."

"ಇರ್ಬೇಕು," ಎಂದಳು. ಟೀವಿ ಹಾಕಿದಳು, ಅದರ ಮುಂದೆ ಕುಳಿತಳು. ಇನ್ನೇನೂ ಕೇಳಲಿಲ್ಲ. ಕೇಳಿದ್ದರೆ ರೇಗಬಹುದಾಗಿತ್ತು.

ಉಸಿರು ಕಟ್ಟಿದಂತಾಗಿ ಅವನು ಎದ್ದು ಬಾಲ್ಕನಿಗೆ ಹೋದ. ಕತ್ತಲು ಕವಿಯುತ್ತಿತ್ತು. ಎದುರಿನ ಕಟ್ಟಡದಲ್ಲಿ ಒಂದೊಂದೇ ದೀಪ. ಬೆಳಗಿನ ಟವೆಲು ಒಣಗಿ ಸೆಟೆದುಕೊಂಡಿತ್ತು. ಕಟ್ಟನ್ನು ಹೊರಗೆ ತೆಗೆದ. ಇಲ್ಲಿ ಯಾರೂ ಇಲ್ಲ, ಓದಿಬಿಡಬಹುದು. ಓದಿದ ಮೇಲೆ ಚೂರು ಮಾಡಿ ಗಾಳಿಗೆ ಬಿಡಬಹುದು. ಅಥವಾ ಒಳಗೆ ಹೋಗಿ ಅವಳ ಮಡಿಲಿಗೆ ಹಾಕಬಹುದು. ಯಾವುದೆಂದು ತೀರ್ಮಾನಿಸುವ ಮೊದಲೇ ಬೆನ್ನ ಹಿಂದೆ ಕಟ್ ಎಂದಿತು.

ಕಾಲೊರಸು ಮಷಿನ್ನಿಗೆ ಹೋಗಿತ್ತು. ಬಾಗಿಲು ಮುಚ್ಚಿಕೊಂಡಿತ್ತು.

ಗಾಜು ತಟ್ಟಿದ. ಒಳಗೆ ಟೀವಿಯಲ್ಲಿ ಯಾರೋ ಅಳುತ್ತಿದ್ದರು. ಜೋರಾಗಿ ತಟ್ಟಿದ. ಅದೇ ಹೊತ್ತಿಗೆ ಮಷಿನ್ನು ಬಟ್ಟೆ ತಿರುವಿಹಾಕುತ್ತ ಗಡಗಡ ಶುರುಮಾಡಿತು. ಇಡೀ ಗಾಜು ತಾನೇ ಅದುರತೊಡಗಿತು. ಹೆಸರು ಹಿಡಿದು ಕೂಗಿದ. ತನ್ನ ಕೂಗು ತನ್ನ ಕಿವಿಗೇ ಬೀಳಲಿಲ್ಲ.

ಜೇಬಿನ ಹಿಡಿ ನೆನಪಾಯಿತು. ತೆಗೆದು ತೂತಿಗೆ ಇಟ್ಟು ತಿರುಗಿಸಿದ. ಹಿಡಿ ಸಲೀಸಾಗಿ ತಿರುಗಿತು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಬಾಗಿಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಒಳಗೆ ದೀಪ ಬೆಳ್ಳಗೆ ಉರಿಯುತ್ತಿತ್ತು. ಹೆಂಡತಿ ಗಾಜಿನಿಂದ ನಾಲ್ಕು ಮಾರು ದೂರದಲ್ಲಿದ್ದಳು, ಕಾಲು ಮಡಚಿ, ಅಂಗೈಯಲ್ಲಿ ಗದ್ದ ಇಟ್ಟುಕೊಂಡು. ಬಿಳಿಯದೇನಾದರೂ ಕಂಡರೆ ಎದ್ದು ಬಂದಾಳು. ಕವಚದ ಹಾಳೆಯನ್ನು ಹರಿದು ಕೆಳಗೆ ಹಾಕಿದ. ಅದರ ಕೆಳಗಿದ್ದ ಒಂದೇ ಒಂದು ಹಾಳೆಯನ್ನು ದಾರದಿಂದ ಬಿಡಿಸಿ, ಅಚ್ಚಾದ ಮಗ್ಗುಲನ್ನು ಗಾಜಿಗೆ ಒತ್ತಿ ಎತ್ತಿ ಹಿಡಿದ. ಅವನ ಕಡೆಗಿದ್ದದ್ದು ಹಾಳೆಯ ಬೆನ್ನು. ಅಲ್ಲಿ ಏನೂ ಅಚ್ಚಾಗಿರಲಿಲ್ಲ. ಒಳಗಿನ ಬೆಳಕಿಗೆ ಆಚೆ ಕಡೆಯ ಸಾಲುಗಳು ಬಲದಿಂದ ಎಡಕ್ಕೆ ಇರುವೆಗಳ ಹಾಗೆ ಮಬ್ಬಾಗಿ ಕಂಡವು. ಓದಲಾಗಲಿಲ್ಲ. ಹಾಳೆಯ ಮೂಲೆ ಪುಡಿಯಾಗಿ ಮೊಣಕೈ ಮೇಲೆ ಉದುರಿತು.

ಅವಳು ತಲೆಯೆತ್ತಿದಳು. ನೇರವಾಗಿ ಅವನ ಕಡೆಗೇ ನೋಡಿದಳು.

ಅವನು ಹಾಳೆಯನ್ನು ಇನ್ನಷ್ಟು ಒತ್ತಿ ಹಿಡಿದ.

ಅವಳು ಎದ್ದಳು, ಗಾಜಿನ ಹತ್ತಿರಕ್ಕೆ ಬಂದಳು. ಇನ್ನೂ ಹತ್ತಿರಕ್ಕೆ. ಹಾಳೆಯ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ. ಹೊರಗಿನ ಕತ್ತಲಿಗೆ ಕನ್ನಡಿಯಾಗಿದ್ದ ಗಾಜಿನಲ್ಲಿ ತನ್ನ ಮುಖವನ್ನು ಒಂದು ಗಳಿಗೆ ನೋಡಿಕೊಂಡು, ಹಣೆಗೆ ಬಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿ, ಮತ್ತೆ ಹೋಗಿ ಕುಳಿತಳು.